ಪಾಲಿಸ್ಟೈರೀನ್ ಅಚ್ಚಿನ ಮೇಲೆ ಟೊಳ್ಳು ಸಿಲಿಕಾ ಗೋಳ: ಹಾಸನ, ಚಿಕ್ಕಮಗಳೂರಿನ ಕಾಲೇಜು ಲ್ಯಾಬ್‌ಗಳಿಗೆ

ಒಂದು ಮೈಕ್ರೋಮೀಟರ್ ವ್ಯಾಸದ ಪಾಲಿಸ್ಟೈರೀನ್ ಗೋಳದ ಮೈಮೇಲೆ 50 ನ್ಯಾನೊಮೀಟರ್ ದಪ್ಪಕ್ಕೆ ಸಿಲಿಕಾ ಕೂರಿಸಬೇಕು, ಆಮೇಲೆ ಒಳಗಿನ ಪ್ಲಾಸ್ಟಿಕ್ಕನ್ನು ಸುಟ್ಟು ತೆಗೆಯಬೇಕು. ಉಳಿಯುವುದು ಬರೀ ಚಿಪ್ಪು, ಒಳಗೆ ಗಾಳಿ. ಉತ್ಸವಮೂರ್ತಿಯ ಎರಕಕ್ಕೆ ಮೇಣದ ಅಚ್ಚಿನ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಇಳಿಸುತ್ತಾರಲ್ಲ, ದಾರಿ ಅದೇ. ಇಲ್ಲಿ ಅಚ್ಚು ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದೇ ಗ್ರಾಮಿನಲ್ಲಿ ಲಕ್ಷ ಕೋಟಿಗೂ ಮಿಕ್ಕಿ ಗೋಳಗಳಿರುತ್ತವೆ.

ಅಮೋನಿಯಾ ಬೆರೆಸಿದ ಆಲ್ಕೊಹಾಲಿನಲ್ಲಿ ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ (ಟಿಇಒಎಸ್) ಹಾಕಿದರೆ ಒಂದೇ ಅಳತೆಯ ಸಿಲಿಕಾ ಗೋಳಗಳು ಬರುತ್ತವೆ ಎಂದು ಸ್ಟೋಬರ್, ಫಿಂಕ್ ಮತ್ತು ಬೋನ್ 1968ರಲ್ಲಿ ತೋರಿಸಿದರು. ಪಾಲಿಸ್ಟೈರೀನ್ ಗೋಳದ ಮೇಲೆ ಪದರ ಪದರವಾಗಿ ಸಿಲಿಕಾ ಕಣ ಕೂರಿಸಿ ಟೊಳ್ಳು ಗೋಳ ಮಾಡುವುದನ್ನು 1998ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕರೂಸೊ, ಮೋವಾಲ್ಡ್ ಮತ್ತವರ ಜೊತೆಗಾರರು ಮಾಡಿದರು. ಇಲ್ಲಿರುವುದು ಇವೆರಡರ ನಡುವಿನ ಸುಲಭದ ದಾರಿ: ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್ ಎಂಬ ಪಾಲಿಮರ್) ಅಂಟಿದ ಪಾಲಿಸ್ಟೈರೀನ್ ಮೇಲೆ ನೇರವಾಗಿ ಸಿಲಿಕಾ ಬೆಳೆಸುವುದು. ಮ್ಯಾಗ್ನೆಟಿಕ್ ಸ್ಟರರ್, ಸೆಂಟ್ರಿಫ್ಯೂಜ್, ಅಲ್ಟ್ರಾಸಾನಿಕ್ ಬಾತ್, ಮಫಲ್ ಫರ್ನೇಸ್ ಇಷ್ಟಿದ್ದರೆ ಸಾಕು, ರಸಾಯನಶಾಸ್ತ್ರದ ಪಿ.ಜಿ. ಲ್ಯಾಬಿನಲ್ಲೇ ಆಗುತ್ತದೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸಿಲಿಕಾ ಗೋಳದ ಮೈಮೇಲೆ ಕೂರುವ ಬದಲು ದ್ರಾವಣದಲ್ಲಿ ತನ್ನಷ್ಟಕ್ಕೆ ತಾನೇ ಹುಟ್ಟಿಕೊಂಡುಬಿಡುತ್ತದೆ. ಕೆಳಗಿನ ಪ್ರಮಾಣ, ವೇಗ, ತೊಳೆಯುವ ಸಂಖ್ಯೆ ಎಲ್ಲವೂ ಅದನ್ನು ತಡೆಯಲು ಇರುವಂಥವು.

ಮೊದಲು ಲೆಕ್ಕ

ಟಿಇಒಎಸ್ ಬಾಟಲಿ ತೆರೆಯುವ ಮುಂಚೆ ಎಷ್ಟು ಬೇಕು ಎಂದು ಕಾಗದದ ಮೇಲೆ ತೆಗೆಯಿರಿ. ಚಿಪ್ಪು ಸೇರಿದ ಹೊರ ವ್ಯಾಸವನ್ನು ಪಾಲಿಸ್ಟೈರೀನ್ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ, 1 ಕಳೆಯಿರಿ. ಅದನ್ನು ಸಿಲಿಕಾದ ಸಾಂದ್ರತೆ 1.9ರಿಂದ ಗುಣಿಸಿ, ಪಾಲಿಸ್ಟೈರೀನ್ ಸಾಂದ್ರತೆ 1.05ರಿಂದ ಭಾಗಿಸಿದರೆ ಒಂದು ಗ್ರಾಂ ಅಚ್ಚಿಗೆ ಎಷ್ಟು ಗ್ರಾಂ ಸಿಲಿಕಾ ಬೇಕೆಂದು ಸಿಗುತ್ತದೆ. 1 ಮೈಕ್ರೋಮೀಟರ್ ಗೋಳಕ್ಕೆ 50 ನ್ಯಾನೊಮೀಟರ್ ಚಿಪ್ಪು ಬೇಕಾದರೆ ಹೊರ ವ್ಯಾಸ 1.1, ಘನ 1.331, ಒಂದು ಕಳೆದರೆ 0.331, ಕೊನೆಗೆ ಬರುವುದು 0.6 ಗ್ರಾಂ. ಒಂದು ಮಿ.ಲೀ. ಟಿಇಒಎಸ್ ಪೂರ್ತಿ ಸಿಲಿಕಾ ಆದರೆ 0.27 ಗ್ರಾಂ ಸಿಗುತ್ತದೆ. ಹಾಗಾಗಿ 2.25 ಮಿ.ಲೀ. ಸಾಕು. 30 ನ್ಯಾನೊಮೀಟರ್ ಚಿಪ್ಪಿಗೆ 1.3 ಮಿ.ಲೀ.

ನಿಮ್ಮ ಅಚ್ಚು ಅರ್ಧ ಮೈಕ್ರೋಮೀಟರ್ ಇದ್ದರೆ ಅದೇ 50 ನ್ಯಾನೊಮೀಟರ್ ಚಿಪ್ಪಿಗೆ ಗ್ರಾಮಿಗೆ 4.9 ಮಿ.ಲೀ. ಬೇಕು, ಎರಡು ಪಟ್ಟಿಗೂ ಹೆಚ್ಚು. ಗೋಳ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೈ ಹೆಚ್ಚು. ಇನ್ನೊಬ್ಬರ ಪ್ರಬಂಧದಲ್ಲಿ ಕಂಡ ಟಿಇಒಎಸ್ ಪ್ರಮಾಣವನ್ನು ತಮ್ಮ ಗೋಳದ ಅಳತೆ ನೋಡದೆ ಹಾಕುವುದರಿಂದಲೇ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಚಿಪ್ಪಿನ ಬದಲು ಬಿಳಿ ಪುಡಿ ಸಿಗುತ್ತದೆ.

ಚಿಪ್ಪು ಎಷ್ಟು ದಪ್ಪವಿರಬೇಕು? ಒಂದು ಮೈಕ್ರೋಮೀಟರ್ ಗೋಳಕ್ಕೆ 20 ನ್ಯಾನೊಮೀಟರ್ ಚಿಪ್ಪು ಸುಡುವಾಗ ಗಾಳಿ ಹೋದ ಫುಟ್‌ಬಾಲಿನ ಹಾಗೆ ಒಳಕ್ಕೆ ಕುಸಿಯುವುದು ಸಾಮಾನ್ಯ. ಮೊದಲ ಸಲ ಮಾಡುವವರು 40ರಿಂದ 50ರ ಗುರಿ ಇಟ್ಟುಕೊಳ್ಳಿ.

ಅಚ್ಚು ತಯಾರಿ

ಬೇಕಾದ್ದು: ಸ್ಟೈರೀನ್ 10 ಮಿ.ಲೀ., ಪಿವಿಪಿ ಕೆ-30 1.5 ಗ್ರಾಂ, ಎಐಬಿಎನ್ (ಸ್ಟೈರೀನ್ ಪಾಲಿಮರ್ ಆಗುವುದನ್ನು ಶುರುಮಾಡಿಸುವ ವಸ್ತು) 0.14 ಗ್ರಾಂ, ಆಬ್ಸಲ್ಯೂಟ್ ಎಥನಾಲ್ 90 ಮಿ.ಲೀ., ಡಿಸ್ಟಿಲ್ಡ್ ವಾಟರ್ 10 ಮಿ.ಲೀ. ಎಥನಾಲ್ ಅಬಕಾರಿ ನಿಯಮದಡಿ ಬರುವ ವಸ್ತು, ಕಾಲೇಜಿನ ಹೆಸರಲ್ಲಿ ಅನುಮತಿ ಇರಬೇಕು, ಪ್ರಾಜೆಕ್ಟ್ ಶುರುವಾಗುವ ಮುಂಚೆಯೇ ಅರ್ಜಿ ಹಾಕಿಡಿ. ಅದು ಬರುವ ತನಕ ಡಿನೇಚರ್ಡ್ ಸ್ಪಿರಿಟ್‌ನಲ್ಲಿ ಕೆಲಸ ಸಾಗಿಸುವ ಯೋಚನೆ ಬೇಡ. ಅದರಲ್ಲಿ ಏನೇನು ಬೆರೆಸಿರುತ್ತಾರೋ, ಗೋಳದ ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ.

ಬಾಟಲಿಯಲ್ಲಿರುವ ಸ್ಟೈರೀನ್ ತಾನಾಗಿ ಗಟ್ಟಿಯಾಗದಿರಲಿ ಎಂದು ಕಂಪನಿಯವರು ಅದರಲ್ಲಿ ಟರ್ಷಿಯರಿ ಬ್ಯೂಟೈಲ್ ಕ್ಯಾಟೆಕಾಲ್ ಎಂಬ ತಡೆವಸ್ತು ಹಾಕಿರುತ್ತಾರೆ. ಅದು ಹೋಗಬೇಕು. ಬೇಸಿಕ್ ಅಲ್ಯುಮಿನಾ ತುಂಬಿದ ಸಣ್ಣ ಕಾಲಂನಲ್ಲಿ ಇಳಿಸಿದರೆ ಅರ್ಧ ಗಂಟೆಯ ಕೆಲಸ. ಅಲ್ಯುಮಿನಾ ಇಲ್ಲದಿದ್ದರೆ ಸೆಪರೇಟಿಂಗ್ ಫನೆಲ್‌ನಲ್ಲಿ 5 ಪ್ರತಿಶತ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಮೂರು ಸಲ ತೊಳೆಯಿರಿ. ಕೆಳಗಿನ ನೀರಿಗೆ ಕಂದು ಬಣ್ಣ ಬರುವುದು ನಿಂತ ಮೇಲೆ ಬರೀ ನೀರಿನಲ್ಲಿ ಎರಡು ಸಲ ತೊಳೆದು, ಅನ್‌ಹೈಡ್ರಸ್ ಸೋಡಿಯಂ ಸಲ್ಫೇಟ್ ಹಾಕಿ ನೀರು ಹೀರಿಸಿ. ತಡೆವಸ್ತು ತೆಗೆದ ಸ್ಟೈರೀನ್ ಇಟ್ಟುಕೊಳ್ಳುವಂಥದ್ದಲ್ಲ. ಆ ದಿನವೇ ಬಳಸಿ, ತಪ್ಪಿದರೆ ಫ್ರಿಜ್ಜಿನಲ್ಲಿ ಒಂದೆರಡು ದಿನ. ಎಐಬಿಎನ್ ಕೂಡ ಫ್ರಿಜ್ಜಿನಲ್ಲೇ ಇರಬೇಕು. ಅದನ್ನು ಓವನ್‌ನಲ್ಲಿ ಒಣಗಿಸಲು ಹೋಗಬೇಡಿ, ಬಿಸಿಗೆ ಸಾರಜನಕ ಬಿಟ್ಟು ಒಡೆಯುವ ವಸ್ತು ಅದು.

250 ಮಿ.ಲೀ. ಮೂರು ಬಾಯಿಯ ರೌಂಡ್ ಬಾಟಮ್ ಫ್ಲಾಸ್ಕ್‌ನಲ್ಲಿ ಎಥನಾಲ್ ಮತ್ತು ನೀರು ಹಾಕಿ ಪಿವಿಪಿ ಪೂರ್ತಿ ಕರಗಿಸಿ. ಕಂಡೆನ್ಸರ್ ಕೂರಿಸಿ, ಸಾರಜನಕವನ್ನು ದ್ರವದೊಳಗೆ 30 ನಿಮಿಷ ಗುಳ್ಳೆಯಾಗಿ ಹಾಯಿಸಿ. ಎಐಬಿಎನ್ನನ್ನು ಸ್ಟೈರೀನ್‌ನಲ್ಲೇ ಕರಗಿಸಿ ಇಟ್ಟುಕೊಂಡಿರಿ. ಫ್ಲಾಸ್ಕ್ ಕೂತಿರುವ ಬಿಸಿ ಬಾತ್ 70 ಡಿಗ್ರಿಗೆ ಬಂದ ಮೇಲೆ ಅದನ್ನು ಒಂದೇ ಸಲ ಸುರಿಯಿರಿ. ಕಲಕುವ ವೇಗ ನಿಮಿಷಕ್ಕೆ 100ರಿಂದ 120 ಸುತ್ತು, ಅದಕ್ಕಿಂತ ಹೆಚ್ಚು ಬೇಡ.

ಇಲ್ಲಿ ನಮ್ಮ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲಿದೆ, ಚಿಕ್ಕಮಗಳೂರು ಸಾವಿರ ಮೀಟರ್ ದಾಟುತ್ತದೆ. ಪುಸ್ತಕದಲ್ಲಿ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ ಎಂದಿದ್ದರೂ ಇಲ್ಲಿ 75-76ಕ್ಕೇ ಕುದಿಯುತ್ತದೆ. 70 ಡಿಗ್ರಿಗೂ ಕುದಿಗೂ ಇರುವ ಅಂತರ ಐದಾರು ಡಿಗ್ರಿ ಮಾತ್ರ. ಹಾಟ್ ಪ್ಲೇಟಿನ ಗುಂಡಿಯನ್ನು ನಂಬಬೇಡಿ, ಥರ್ಮಾಮೀಟರನ್ನು ದ್ರವದೊಳಗೇ ಇಳಿಸಿ. ಬಾತ್ ಒಮ್ಮೆ ಮೇಲೆ ಹಾರಿದರೆ ಎಥನಾಲ್ ಕುದಿದು, ಕಂಡೆನ್ಸರ್ ನೀರು ಸಣ್ಣಗಿದ್ದರೆ ಆವಿಯಾಗಿ ಹೋಗಿ, ದ್ರಾವಣದ ಅನುಪಾತವೇ ಬದಲಾಗುತ್ತದೆ.

ಮೊದಲ ಒಂದು ಗಂಟೆ ಫ್ಲಾಸ್ಕಿನ ಪಕ್ಕದಲ್ಲೇ ಇರಿ. ಶುರುವಿನಲ್ಲಿ ದ್ರವ ನೀರಿನಷ್ಟು ತಿಳಿ. ಸುಮಾರು ಅರ್ಧ ಗಂಟೆಯ ನಂತರ, ಫ್ಲಾಸ್ಕಿನ ಹಿಂದೆ ಕಪ್ಪು ಕಾಗದ ಹಿಡಿದು ನೋಡಿದರೆ ನೀಲಿ ಛಾಯೆಯ ತೆಳು ಮಂಜು ಕಾಣುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಅದು ಗಂಜಿ ತಿಳಿಯ ಹಾಗಾಗಿ, ಆಮೇಲೆ ಗಟ್ಟಿ ಹಾಲಿನ ಬಿಳುಪಿಗೆ ಬರುತ್ತದೆ. ಗೋಳಗಳು ಹುಟ್ಟುವ ಹೊತ್ತು ಆ ನೀಲಿ ಮಂಜು. ಎಷ್ಟು ಗೋಳ, ಎಷ್ಟು ಸಮನಾಗಿ ಎಂಬುದು ಆಗಲೇ ತೀರ್ಮಾನವಾಗುತ್ತದೆ, ಉಳಿದ 20 ಗಂಟೆಗೂ ಹೆಚ್ಚು ಹೊತ್ತು ಬೆಳೆಯುವುದು ಮಾತ್ರ. ಆ ಹೊತ್ತಿನಲ್ಲಿ ಸ್ಯಾಂಪಲ್ ತೆಗೆಯುವುದು, ಕಲಕುವ ವೇಗ ಬದಲಿಸುವುದು, ಫ್ಲಾಸ್ಕ್ ಅಲ್ಲಾಡಿಸುವುದು ಯಾವುದೂ ಕೂಡದು. ಎರಡು ಗಂಟೆಯಾದರೂ ಮಂಜು ಕಾಣದಿದ್ದರೆ ತಡೆವಸ್ತು ಉಳಿದಿದೆ, ಇಲ್ಲವೇ ಆಮ್ಲಜನಕ ಒಳಗಿದೆ, ಇಲ್ಲವೇ ಎಐಬಿಎನ್ ಹಳತಾಗಿದೆ.

ಮಳೆಗಾಲದಲ್ಲಿ ಮಲೆನಾಡಿನ ಕರೆಂಟಿನ ಪಾಡು ಗೊತ್ತಿರುವಂಥದ್ದೇ. ಸ್ಟರರ್ ಮತ್ತು ಹಾಟ್ ಪ್ಲೇಟ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಮೊದಲ ಎರಡು ಗಂಟೆಯೊಳಗೆ ಕರೆಂಟ್ ಹೋಗಿ ದ್ರವ ತಣ್ಣಗಾದರೆ ಆ ಬ್ಯಾಚ್ ಅಚ್ಚಿಗೆ ಬರುವುದಿಲ್ಲ. ಮತ್ತೆ ಬಿಸಿ ಮಾಡಿದರೆ ಎರಡನೇ ತಲೆಮಾರಿನ ಸಣ್ಣ ಗೋಳಗಳು ಹುಟ್ಟುತ್ತವೆ. ಎಂಟು ಗಂಟೆ ಕಳೆದ ಮೇಲೆ ಅರ್ಧ ಗಂಟೆ ಹೋದರೆ ಅಷ್ಟು ಚಿಂತೆಯಿಲ್ಲ.

24 ಗಂಟೆಯ ನಂತರ ತಣಿಸಿ. ಈ ಪ್ರಮಾಣಕ್ಕೆ ಗೋಳದ ವ್ಯಾಸ 1ರಿಂದ 1.5 ಮೈಕ್ರೋಮೀಟರ್ ಸುತ್ತ ಬರುತ್ತದೆ. ಸಣ್ಣದು ಬೇಕಿದ್ದರೆ ನೀರು ಅಥವಾ ಪಿವಿಪಿ ಹೆಚ್ಚಿಸಿ. ದೊಡ್ಡದು ಬೇಕಿದ್ದರೆ ನೀರು ಬಿಟ್ಟುಬಿಡಿ, ಇಲ್ಲವೇ ಎಐಬಿಎನ್ ಸ್ವಲ್ಪ ಏರಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ತೊಳೆಯುವುದು

ಸೆಂಟ್ರಿಫ್ಯೂಜ್‌ನಲ್ಲಿ 3,000 ಸುತ್ತಿಗೆ 10 ನಿಮಿಷ ಹಾಕಿ, ಮೇಲಿನ ದ್ರವ ಚೆಲ್ಲಿ, ಹೊಸ ಎಥನಾಲ್ ಹಾಕಿ, ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಬಿಡಿಸಿ. ಹೀಗೆ ಮೂರು ಸಲ. ತೊಳೆಯುವುದು ಎಥನಾಲಿನಲ್ಲೇ ಇರಲಿ. ಪಾಲಿಸ್ಟೈರೀನ್ ನೀರಿಗಿಂತ ತುಸುವೇ ಭಾರ, ಎಥನಾಲಿಗಿಂತ ಸಾಕಷ್ಟು ಭಾರ, ಹಾಗಾಗಿ ನೀರಿನಲ್ಲಿ ಅದೇ ಗೋಳ ಇಳಿಯಲು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಬೇಗ ಆಗಲೆಂದು 8,000-10,000 ಸುತ್ತಿಗೆ ಹಾಕಿದರೆ ತಳದಲ್ಲಿ ರಬ್ಬರಿನಂಥ ಬಿಲ್ಲೆ ಕಟ್ಟಿಕೊಂಡು, ಆಮೇಲೆ ಎಷ್ಟು ಅಲ್ಟ್ರಾಸೌಂಡ್ ಕೊಟ್ಟರೂ ಬಿಡುವುದಿಲ್ಲ.

ಯಾಕಿಷ್ಟು ತೊಳೆಯಬೇಕು? ದ್ರವದಲ್ಲಿ ಗೋಳಕ್ಕೆ ಅಂಟದ ಪಿವಿಪಿ ತೇಲುತ್ತಿರುತ್ತದೆ. ಅದು ಉಳಿದರೆ ಮುಂದಿನ ಹಂತದಲ್ಲಿ ಸಿಲಿಕಾ ಅದನ್ನೂ ಆಸರೆ ಮಾಡಿಕೊಂಡು ಬಿಡಿ ಕಣವಾಗುತ್ತದೆ. ಗೋಳದ ಮೈಯ ಪಿವಿಪಿ ತೊಳೆದು ಹೋಗುತ್ತದೆಂಬ ಭಯ ಬೇಡ. ಪಾಲಿಮರ್ ಬೆಳೆಯುವಾಗಲೇ ಅದರ ಒಂದಷ್ಟು ಭಾಗ ಗೋಳಕ್ಕೆ ಬೆಸೆದಿರುತ್ತದೆ.

ಕೊನೆಗೆ ಎಥನಾಲಿನಲ್ಲೇ ತೇಲಿಸಿ ಇಟ್ಟುಕೊಳ್ಳಿ, ಒಣ ಪುಡಿ ಮಾಡಬೇಡಿ. ಎಷ್ಟು ಗೋಳವಿದೆ ಎಂದು ತಿಳಿಯಲು 2 ಮಿ.ಲೀ. ತೆಗೆದು, ತೂಗಿದ ವಾಚ್ ಗ್ಲಾಸಿನಲ್ಲಿ 60 ಡಿಗ್ರಿಗೆ ಒಣಗಿಸಿ ತೂಗಿ. 20 ಮಿ.ಲೀ.ನಲ್ಲಿ 1 ಗ್ರಾಂ ಇರುವಂತೆ ಎಥನಾಲ್ ಸೇರಿಸಿ ಹೊಂದಿಸಿಕೊಳ್ಳಿ. ಗೋಳದ ವ್ಯಾಸವನ್ನೂ ಇದೇ ಹಂತದಲ್ಲಿ ಮೈಕ್ರೋಸ್ಕೋಪಿನ 100ರ ಆಯಿಲ್ ಲೆನ್ಸಿನಲ್ಲಿ ಅಳೆದು ಲೆಕ್ಕವನ್ನು ತಿದ್ದಿಕೊಳ್ಳಿ.

ಸಿಲಿಕಾ ಕೂರಿಸುವುದು

1 ಗ್ರಾಂ ಗೋಳ ಇರುವ 20 ಮಿ.ಲೀ. ದ್ರವವನ್ನು 20 ನಿಮಿಷ ಅಲ್ಟ್ರಾಸಾನಿಕ್ ಬಾತ್‌ನಲ್ಲಿಡಿ. 250 ಮಿ.ಲೀ. ಕಾನಿಕಲ್ ಫ್ಲಾಸ್ಕಿಗೆ ಸುರಿದು, 60 ಮಿ.ಲೀ. ಎಥನಾಲ್, 15 ಮಿ.ಲೀ. ಡಿಸ್ಟಿಲ್ಡ್ ವಾಟರ್, 4 ಮಿ.ಲೀ. 25 ಪ್ರತಿಶತ ಅಮೋನಿಯಾ ದ್ರಾವಣ ಸೇರಿಸಿ. ಬಾಯಿ ಮುಚ್ಚಿ ಅರ್ಧ ಗಂಟೆ ಕಲಕಿ. ಬೋರ್‌ವೆಲ್ ನೀರನ್ನು ಫಿಲ್ಟರ್ ಮಾಡಿ ಹಾಕುವ ಅಭ್ಯಾಸ ಕೆಲವು ಲ್ಯಾಬ್‌ಗಳಲ್ಲಿದೆ, ಇಲ್ಲಿ ಅದು ನಡೆಯುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸಿಲಿಕಾ ಮೈಯ ಋಣಾವೇಶವನ್ನು ಕುಂದಿಸಿ ಗೋಳಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

2.25 ಮಿ.ಲೀ. ಟಿಇಒಎಸ್ಸನ್ನು 10 ಮಿ.ಲೀ. ಎಥನಾಲಿನಲ್ಲಿ ಬೆರೆಸಿ. ಈ 12.25 ಮಿ.ಲೀ. ಅನ್ನು 5 ಗಂಟೆ ಕಾಲ, ಗಂಟೆಗೆ ಸುಮಾರು 2.5 ಮಿ.ಲೀ.ನಂತೆ ಬಿಡಬೇಕು. ಸಿರಿಂಜ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಿಪೆಟ್ಟಿನಲ್ಲಿ ಅರ್ಧ ಗಂಟೆಗೊಮ್ಮೆ 1.2 ಮಿ.ಲೀ.ಯಂತೆ ಹತ್ತು ಕಂತು ಹಾಕಿ, ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆಸ್ಪತ್ರೆಯ ಡ್ರಿಪ್ ಸೆಟ್ ಕಟ್ಟಿ ಹನಿ ಬಿಡುವ ಉಪಾಯ ಮಾತ್ರ ಬೇಡ: ಆ ಪಿವಿಸಿ ಕೊಳವೆಯನ್ನು ಮೆತ್ತಗೆ ಇಡುವ ಎಣ್ಣೆಯಂಥ ವಸ್ತುವನ್ನು ಎಥನಾಲ್ ಕರಗಿಸಿಕೊಂಡು ಬಂದು ನಿಮ್ಮ ಫ್ಲಾಸ್ಕಿಗೆ ಸೇರಿಸುತ್ತದೆ.

ನಿಧಾನ ಯಾಕೆಂದರೆ, ಅಮೋನಿಯಾದಲ್ಲಿ ಟಿಇಒಎಸ್ ನೀರಿನೊಂದಿಗೆ ಒಡೆದು ಸಿಲಿಸಿಕ್ ಆಮ್ಲವಾಗುತ್ತದೆ. ಅದರ ಸಾಂದ್ರತೆ ಒಂದು ಮಿತಿ ದಾಟಿದರೆ ದ್ರಾವಣದ ನಡುವೆಯೇ ಹೊಸ ಕಣ ಹುಟ್ಟುತ್ತದೆ. ಆ ಮಿತಿಯ ಕೆಳಗೇ ಇದ್ದರೆ ಆಗಲೇ ಇರುವ ಮೈಮೇಲೆ ಕೂರುವುದೊಂದೇ ಅದಕ್ಕಿರುವ ದಾರಿ. 1 ಗ್ರಾಂ ಗೋಳದಲ್ಲಿ ಸುಮಾರು 5.7 ಚದರ ಮೀಟರ್ ಮೈ ಇದೆ, ಒಂದು ಸಣ್ಣ ಕೋಣೆಯ ನೆಲದಷ್ಟು. ಅಷ್ಟು ನೆಲಕ್ಕೆ ಸಮನಾಗಿ ಹರಡಲು ಹೊತ್ತು ಕೊಡಬೇಕು. ಕಂತು ಮುಗಿದ ಮೇಲೂ 12 ಗಂಟೆ ಕಲಕುತ್ತಲೇ ಬಿಡಿ.

ಉಷ್ಣತೆಯ ಕಡೆಗೂ ಗಮನವಿರಲಿ. ಡಿಸೆಂಬರ್, ಜನವರಿಯ ಬೆಳಗ್ಗೆ ಚಿಕ್ಕಮಗಳೂರಿನ ಲ್ಯಾಬಿನೊಳಗೆ 18 ಡಿಗ್ರಿ ಇದ್ದು, ಮಧ್ಯಾಹ್ನಕ್ಕೆ 26 ಆಗಬಹುದು. ಟಿಇಒಎಸ್ ಒಡೆಯುವ ವೇಗ ಚಳಿಯಲ್ಲಿ ತಗ್ಗುತ್ತದೆ. ಬೆಳಗ್ಗೆ ಹಾಕಿದ್ದು ಒಡೆಯದೆ ಕೂಡಿಕೊಂಡು, ಬಿಸಿಲೇರಿದ ಮೇಲೆ ಒಟ್ಟಿಗೆ ಒಡೆಯುತ್ತದೆ. ಫ್ಲಾಸ್ಕನ್ನು 28 ಡಿಗ್ರಿ ನೀರಿನ ಬಾತ್‌ನಲ್ಲಿಟ್ಟರೆ ಯಾವ ತಿಂಗಳಲ್ಲಾದರೂ ಒಂದೇ ಫಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ಎಚ್ಚರಿಕೆ: ಟಿಇಒಎಸ್ ಬಾಟಲಿಯನ್ನು ತೆರೆದಿಡಬೇಡಿ, ಗಾಳಿಯ ತೇವವೇ ಅದಕ್ಕೆ ಸಾಕು. ಬಾಟಲಿಯ ಬಾಯಲ್ಲಿ ಬಿಳಿ ಹರಳಿನಂಥದ್ದು ಕಟ್ಟಿದ್ದರೆ, ಅಥವಾ ದ್ರವ ಮಬ್ಬಾಗಿದ್ದರೆ ಅದನ್ನು ಬಿಟ್ಟು ಹೊಸದು ತರಿಸಿ. ಟಿಇಒಎಸ್ ಆವಿ ಕಣ್ಣಿಗೆ ಕೆಟ್ಟದ್ದು, ಅಮೋನಿಯಾ, ಸ್ಟೈರೀನ್ ಎರಡೂ ಉಸಿರಿಗೆ ಕೆಟ್ಟದ್ದು. ಫ್ಯೂಮ್ ಹುಡ್, ಕನ್ನಡಕ, ನೈಟ್ರೈಲ್ ಗ್ಲೌಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಮಾರನೆಯ ದಿನ ಸೆಂಟ್ರಿಫ್ಯೂಜ್‌ನಲ್ಲಿ 2,000 ಸುತ್ತಿಗೆ 10 ನಿಮಿಷ ಹಾಕಿ, ಮೇಲಿನ ದ್ರವವನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದರೆ ಕೆಲಸ ಗೆದ್ದಿತು. ನೀಲಿ ಮಬ್ಬಿದ್ದರೆ ಬಿಡಿ ಸಿಲಿಕಾ ಹುಟ್ಟಿದೆ ಎಂದರ್ಥ. ಸ್ವಲ್ಪವೇ ಇದ್ದರೆ ಎಥನಾಲಿನಲ್ಲಿ ಮತ್ತೆ ತೇಲಿಸಿ, 1,000 ಸುತ್ತಿನ ಕಡಿಮೆ ವೇಗಕ್ಕೆ ಹಾಕಿ, ಮಬ್ಬು ದ್ರವ ಚೆಲ್ಲುತ್ತ ನಾಲ್ಕೈದು ಸಲ ಮಾಡಿದರೆ ಸಣ್ಣ ಕಣಗಳು ಹೋಗುತ್ತವೆ. ತುಂಬಾ ಇದ್ದರೆ ಚಿಪ್ಪಿಗೆ ಸೇರಬೇಕಾದ ಸಿಲಿಕಾ ಬೇರೆಡೆ ಹೋಗಿದೆ, ಚಿಪ್ಪು ಲೆಕ್ಕಕ್ಕಿಂತ ತೆಳ್ಳಗಿದೆ. ಬ್ಯಾಚನ್ನು ಸುಡುವ ಬದಲು ಅರ್ಧ ಪ್ರಮಾಣದ ಟಿಇಒಎಸ್‌ನೊಂದಿಗೆ ಇನ್ನೊಂದು ಪದರ ಕೂರಿಸಿ.

ಕೆಡುವ ಬಗೆಗಳು

ಗೋಳಗಳು ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿದ್ದರೆ ಮೊದಲ ಅನುಮಾನ ಅಮೋನಿಯಾದ ಮೇಲೆ. 4 ಮಿ.ಲೀ. ಬದಲು 8-10 ಹಾಕಿದರೆ ಅಯಾನುಗಳು ಹೆಚ್ಚಾಗಿ ಗೋಳಗಳು ಒಂದನ್ನೊಂದು ದೂರ ತಳ್ಳುವ ಬಲ ಕುಂದುತ್ತದೆ, ಅಷ್ಟರಲ್ಲಿ ಬೆಳೆಯುತ್ತಿರುವ ಸಿಲಿಕಾ ಸಿಮೆಂಟಿನಂತೆ ಬೆಸೆದುಬಿಡುತ್ತದೆ. ಎರಡನೆಯ ಅನುಮಾನ ಅಲ್ಟ್ರಾಸಾನಿಕ್ ಹಂತ ಬಿಟ್ಟಿರುವುದು. ಶುರುವಿನಲ್ಲೇ ಜೋಡಿಯಾಗಿದ್ದ ಗೋಳ ಕೊನೆವರೆಗೂ ಜೋಡಿಯೇ. ಅಮೋನಿಯಾ ಬಾಟಲಿ ಹಳೆಯದಾಗಿ, ಗಾಳಿ ಆಡಿ ಸತ್ವ ಹೋಗಿದ್ದರೆ ಇದಕ್ಕೆ ತದ್ವಿರುದ್ಧ: 24 ಗಂಟೆಯಾದರೂ ಚಿಪ್ಪೇ ಬೆಳೆದಿರುವುದಿಲ್ಲ.

ಗೋಳ ಬೋಳಾಗಿ ಉಳಿದು, ಪಕ್ಕದಲ್ಲಿ ಸಿಲಿಕಾ ಕಣಗಳು ಬೇರೆಯಾಗಿ ಕಂಡರೆ ನಿಮ್ಮ ಅಚ್ಚಿನ ಮೇಲೆ ಪಿವಿಪಿ ಇಲ್ಲ. ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕಿ ನೀರಿನಲ್ಲಿ ಮಾಡಿದ ಎಮಲ್ಷನ್ ಗೋಳಗಳಲ್ಲಿ ಇದು ಖಂಡಿತ. ಅವುಗಳ ಮೈ ಋಣಾವೇಶದ್ದು, ಸಿಲಿಕೇಟೂ ಋಣಾವೇಶದ್ದು, ಎರಡೂ ಸೇರುವುದಿಲ್ಲ. ಅಂಥ 1 ಗ್ರಾಂ ಗೋಳವನ್ನು 0.5 ಗ್ರಾಂ ಪಿವಿಪಿ ಕರಗಿಸಿದ 50 ಮಿ.ಲೀ. ನೀರಿನಲ್ಲಿ ಒಂದು ಇಡೀ ದಿನ ಕಲಕಿ, ಸೆಂಟ್ರಿಫ್ಯೂಜ್ ಮಾಡಿ ಎಥನಾಲಿಗೆ ತೆಗೆದುಕೊಂಡರೆ ಆ ಮೇಲೆ ಸಿಲಿಕಾ ಹಿಡಿಯುತ್ತದೆ. ಧನಾವೇಶದ ಸೀಟ್ಯಾಬ್ (ಸೋಪಿನಂಥ ಒಂದು ವಸ್ತು) ಬಳಸುವ ದಾರಿಯೂ ಇದೆ. ಅದು ಗೋಳಕ್ಕೂ ಸಿಲಿಕೇಟಿಗೂ ನಡುವೆ ಸೇತುವೆಯಾಗಿ, ಸುಟ್ಟ ಮೇಲೆ ಚಿಪ್ಪಿನಲ್ಲಿ 2-3 ನ್ಯಾನೊಮೀಟರ್ ರಂಧ್ರಗಳನ್ನು ಬಿಡುತ್ತದೆ. ಔಷಧ ಅಥವಾ ಬಣ್ಣವನ್ನು ಒಳಗೆ ತುಂಬಿಸುವ ಉದ್ದೇಶವಿದ್ದರೆ ಆ ರಂಧ್ರಗಳೇ ಬೇಕು. ಶಾಖ ತಡೆಯುವ ಲೇಪನಕ್ಕಾದರೆ ರಂಧ್ರವಿಲ್ಲದ ಪಿವಿಪಿ ದಾರಿಯೇ ಲೇಸು.

ಒಣಗಿಸುವುದು, ಸುಡುವುದು

ಎಥನಾಲಿನಲ್ಲಿ ತೊಳೆದ ಪುಡಿಯನ್ನು 60 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ. ಓವನ್ 110ಕ್ಕೆ ಇಟ್ಟು ಬೇಗ ಮುಗಿಸುವ ಅಭ್ಯಾಸ ಇಲ್ಲಿ ಸಲ್ಲದು. ಪಾಲಿಸ್ಟೈರೀನ್ 100 ಡಿಗ್ರಿ ಸುತ್ತ ಮೆತ್ತಗಾಗುತ್ತದೆ, ತೇವದ ಪುಡಿ ಒಣಗುವಾಗ ಗೋಳಗಳನ್ನು ಒಂದಕ್ಕೊಂದು ಎಳೆಯುವ ಬಲವೂ ಸೇರಿ ತೆಳು ಚಿಪ್ಪು ಸೊಟ್ಟಗಾಗುತ್ತದೆ.

ಪುಡಿಯನ್ನು ಪಿಂಗಾಣಿ ಅಥವಾ ಅಲ್ಯುಮಿನಾ ತಟ್ಟೆಯಲ್ಲಿ 3 ಮಿ.ಮೀ.ಗಿಂತ ದಪ್ಪವಾಗದಂತೆ ಹರಡಿ. ಆಳದ ಕ್ರೂಸಿಬಲ್‌ನಲ್ಲಿ ತುಂಬಿಟ್ಟರೆ ಕೆಳಗಿನದಕ್ಕೆ ಗಾಳಿ ಸಿಗದೆ ಇದ್ದಿಲಾಗುತ್ತದೆ. 200 ಡಿಗ್ರಿ ತನಕ ನಿಮಿಷಕ್ಕೆ 2 ಡಿಗ್ರಿ ಏರಿಸಿ ಅರ್ಧ ಗಂಟೆ ನಿಲ್ಲಿಸಿ. ಅಲ್ಲಿಂದ 350ಕ್ಕೆ ನಿಮಿಷಕ್ಕೆ 1 ಡಿಗ್ರಿ, ಎರಡು ಗಂಟೆ ನಿಲುಗಡೆ. ಅಲ್ಲಿಂದ 550ಕ್ಕೆ ಮತ್ತೆ ನಿಮಿಷಕ್ಕೆ 1 ಡಿಗ್ರಿ, ಐದು ಗಂಟೆ ನಿಲುಗಡೆ. ಒಟ್ಟು ಸುಮಾರು 15 ಗಂಟೆ. ತಣಿಯುವುದು ಬಾಗಿಲು ಮುಚ್ಚಿಕೊಂಡೇ ಆಗಲಿ.

300ರಿಂದ 430ರ ನಡುವಿನ ದಾರಿಯನ್ನು ಅವಸರಿಸಬೇಡಿ. ಪಾಲಿಸ್ಟೈರೀನ್ ಒಡೆದು ಸ್ಟೈರೀನ್ ಆವಿಯಾಗಿ ಹೊರಬರುವುದು ಆಗ. ಚಿಪ್ಪಿನ ಸಂದುಗಳು ಬಹಳ ಕಿರಿದು. ಆವಿ ಹುಟ್ಟುವ ವೇಗ ಹೊರಹೋಗುವ ವೇಗವನ್ನು ಮೀರಿದರೆ ಚಿಪ್ಪು ಒಡೆಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಎಲ್ಲ ಗೋಳಗಳಲ್ಲೂ ಒಂದೊಂದು ತೂತು ಕಂಡರೆ ಕಾರಣ ಇದೇ. ಫರ್ನೇಸ್‌ಗೆ ಪ್ರೋಗ್ರಾಮರ್ ಇಲ್ಲದಿದ್ದರೆ 25 ನಿಮಿಷಕ್ಕೊಮ್ಮೆ 25 ಡಿಗ್ರಿ ಕೈಯಲ್ಲೇ ಏರಿಸಿ. ಸಣ್ಣ ಮಫಲ್ ಫರ್ನೇಸ್‌ಗಳು ಇಟ್ಟ ಗುರಿಯನ್ನು ದಾಟಿ ಹಾರುವುದುಂಟು, ಆದ್ದರಿಂದ ಮೊದಲು ಖಾಲಿ ಓಡಿಸಿ ಎಷ್ಟು ಹಾರುತ್ತದೆಂದು ತಿಳಿದುಕೊಳ್ಳಿ. ಹೊಗೆ ಕೊಳವೆ ಕಿಟಕಿಯ ಹೊರಗಿರಲಿ ಅಥವಾ ಹುಡ್‌ನೊಳಗಿರಲಿ. ಸಣ್ಣ ಫರ್ನೇಸಿನಲ್ಲಿ ಒಂದು ಸಲಕ್ಕೆ 2 ಗ್ರಾಂಗಿಂತ ಹೆಚ್ಚು ಇಡಬೇಡಿ.

1 ಗ್ರಾಂ ಅಚ್ಚಿನಿಂದ ಶುರುಮಾಡಿದ್ದರೆ ಕೊನೆಗೆ ಸಿಗುವುದು 0.5ರಿಂದ 0.6 ಗ್ರಾಂ, ಅಚ್ಚ ಬಿಳಿ, ಊದಿದರೆ ಹಾರುವಷ್ಟು ಹಗುರ. ಮುಚ್ಚಳ ತೆಗೆಯುವಾಗ ಮಾಸ್ಕ್ ಇರಲಿ. ಇದು ಸ್ಫಟಿಕವಲ್ಲದ ಸಿಲಿಕಾ ನಿಜ, ಆದರೂ ಇಷ್ಟು ಸಣ್ಣ ಪುಡಿ ಶ್ವಾಸಕೋಶಕ್ಕೆ ಇಳಿಯಬಾರದು. ಬೂದು ಅಥವಾ ಕಂದು ಛಾಯೆ ಇದ್ದರೆ ಇಂಗಾಲ ಉಳಿದಿದೆ, ತೆಳ್ಳಗೆ ಹರಡಿ 600 ಡಿಗ್ರಿಯಲ್ಲಿ ಇನ್ನೂ ಮೂರು ಗಂಟೆ ಇಡಿ. ಅದಕ್ಕಿಂತ ತುಂಬಾ ಮೇಲೆ ಹೋದರೆ ಗೋಳಗಳೇ ಬೆಸೆಯತೊಡಗುತ್ತವೆ. ಸುಟ್ಟಾಗ ಗೋಳ ಶೇ. 5ರಿಂದ 15ರಷ್ಟು ಕುಗ್ಗುವುದು ಸಹಜ, ಅಳತೆ ಬರೆಯುವಾಗ ನೆನಪಿಡಿ.

ಸುಡುವ ಬದಲು ಟಾಲ್ವೀನ್ ಅಥವಾ ಟೆಟ್ರಾಹೈಡ್ರೊಫ್ಯೂರಾನ್‌ನಲ್ಲಿ ಪಾಲಿಸ್ಟೈರೀನ್ ಕರಗಿಸಿ ತೆಗೆಯಬಹುದು. ಚಿಪ್ಪಿನ ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಉಳಿಯಬೇಕಾದವರಿಗೆ ಅದೇ ದಾರಿ. ಆದರೆ ಉದ್ದನೆಯ ಪಾಲಿಮರ್ ಸರಪಳಿ ರಂಧ್ರವಿಲ್ಲದ ಚಿಪ್ಪಿನಿಂದ ಹೊರಬರಲು ತಿಣುಕುತ್ತದೆ, ಒಳಗೆ ಉಬ್ಬಿ ತೆಳು ಚಿಪ್ಪನ್ನು ಸೀಳುವುದೂ ಉಂಟು. ಸೀಟ್ಯಾಬ್ ಚಿಪ್ಪಿಗೆ ಇದು ಹೊಂದುತ್ತದೆ, ಪಿವಿಪಿ ಚಿಪ್ಪಿಗೆ ಸುಡುವುದೇ ನಂಬಿಕೆಯ ದಾರಿ.

ನಿಜವಾಗಿ ಟೊಳ್ಳೇ?

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸ್ಯಾಂಪಲ್ ಕಳಿಸುವ ಮುಂಚೆ ಲ್ಯಾಬಿನಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದಕ್ಕೆ ಬೇಕಾದ್ದು ಮೆಡಿಕಲ್ ಶಾಪಿನ ಗ್ಲಿಸರಿನ್. ಸ್ಲೈಡಿನ ಮೇಲೆ ಚಿಟಿಕೆ ಪುಡಿ ಉದುರಿಸಿ, ಒಂದು ಹನಿ ಗ್ಲಿಸರಿನ್ ಹಾಕಿ, ಕವರ್ ಸ್ಲಿಪ್ ಮುಚ್ಚಿ ತಕ್ಷಣ ನೋಡಿ. ಗ್ಲಿಸರಿನ್‌ನ ವಕ್ರೀಭವನ ಸೂಚ್ಯಂಕ 1.47, ಸಿಲಿಕಾದ್ದು 1.45ರ ಸುತ್ತ, ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗಟ್ಟಿ ಸಿಲಿಕಾ ಕಣವೂ ಒಡೆದ ಚಿಪ್ಪಿನ ಚೂರೂ ಗ್ಲಿಸರಿನ್‌ನಲ್ಲಿ ಕರಗಿಹೋದಂತೆ ಕಣ್ಮರೆಯಾಗುತ್ತವೆ. ಒಳಗೆ ಗಾಳಿ ಇರುವ ಗೋಳ ಮಾತ್ರ ದಟ್ಟ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಹತ್ತು ನಿಮಿಷ ನೋಡುತ್ತಲೇ ಇದ್ದರೆ ಕೆಲವು ಕಪ್ಪು ಚುಕ್ಕೆಗಳು ಒಂದೊಂದಾಗಿ ಮಾಯವಾಗುವುದು ಕಾಣಬಹುದು: ಬಿರುಕಿದ್ದ ಚಿಪ್ಪಿನೊಳಗೆ ಗ್ಲಿಸರಿನ್ ನುಗ್ಗಿ ಗಾಳಿಯನ್ನು ಹೊರದಬ್ಬಿದ ಕ್ಷಣ ಅದು. ನೂರು ಚುಕ್ಕೆ ಎಣಿಸಿಟ್ಟುಕೊಂಡು, ಅರ್ಧ ಗಂಟೆಯ ಬಳಿಕ ಎಷ್ಟು ಉಳಿದಿವೆ ಎಂದು ಬರೆದಿಟ್ಟರೆ ಬ್ಯಾಚಿನಿಂದ ಬ್ಯಾಚಿಗೆ ಚಿಪ್ಪಿನ ಗುಣ ಹೋಲಿಸಲು ಒಳ್ಳೆಯ ಅಳತೆ.

ನೀರಿನ ಪರೀಕ್ಷೆ ಇನ್ನೂ ಸುಲಭ. 1.1 ಮೈಕ್ರೋಮೀಟರ್ ಗೋಳದಲ್ಲಿ 50 ನ್ಯಾನೊಮೀಟರ್ ಚಿಪ್ಪಿದ್ದರೆ ಗಾಳಿ ಸೇರಿದ ಸಾಂದ್ರತೆ 0.5ರ ಆಸುಪಾಸು, ನೀರಿನ ಅರ್ಧ. ಆದ್ದರಿಂದ ಪುಡಿ ತೇಲಬೇಕು. ಆದರೆ ಒಣ ಪುಡಿಯ ಮುದ್ದೆಗಳ ನಡುವೆ ಸಿಕ್ಕಿದ ಗಾಳಿಯಿಂದ ಗಟ್ಟಿ ಸಿಲಿಕಾವೂ ಒಂದಷ್ಟು ಹೊತ್ತು ತೇಲುತ್ತದೆ, ಚೆನ್ನಾಗಿ ಕುಲುಕಿದ ಮೇಲೂ ತೇಲಿದರೆ ಮಾತ್ರ ನಂಬಿ. ರಂಧ್ರವಿರುವ ಚಿಪ್ಪು ಗಂಟೆಗಳ ನಂತರ ನೀರು ಕುಡಿದು ಮುಳುಗುತ್ತದೆ, ಅದು ದೋಷವಲ್ಲ.

ಎಫ್‌ಟಿಐಆರ್ (ಇನ್ಫ್ರಾರೆಡ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ಯಂತ್ರ) ಇದ್ದರೆ 698, 756, 1452, 1493ರ ಪಾಲಿಸ್ಟೈರೀನ್ ಶಿಖರಗಳು ಪೂರ್ತಿ ಹೋಗಿರಬೇಕು. 1090ರ ಅಗಲ ಶಿಖರ, 800 ಮತ್ತು 465 ಉಳಿಯಬೇಕು. ಮಳೆಗಾಲದಲ್ಲಿ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಪೆಲೆಟ್ ತೇವ ಹೀರಿ 1630 ಮತ್ತು 3400ರಲ್ಲಿ ನೀರಿನ ಗುರುತು ತೋರಿಸುತ್ತದೆ, ಅದನ್ನು ಸಿಲಿಕಾದ ಲೆಕ್ಕಕ್ಕೆ ಸೇರಿಸಬೇಡಿ.

ಎಸ್‌ಇಎಂ ಎಂಬ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಮೈಸೂರಿಗೋ ಸ್ಯಾಂಪಲ್ ಕಳಿಸುವಾಗ ಎರಡು ಶೀಶೆ ಕಳಿಸಿ. ಒಂದರಲ್ಲಿ ಪುಡಿ ಹಾಗೆಯೇ, ಇನ್ನೊಂದರಲ್ಲಿ ಅಗೇಟ್ ಕುಟ್ಟಾಣಿಯಲ್ಲಿ ಎರಡೇ ಸುತ್ತು ಅರೆದದ್ದು. ಇಡೀ ಗೋಳದ ಚಿತ್ರದಲ್ಲಿ ಟೊಳ್ಳೋ ಗಟ್ಟಿಯೋ ಗೊತ್ತಾಗುವುದಿಲ್ಲ. ಒಡೆದ ಗೋಳದ ಅಂಚಿನಲ್ಲಿ ಚಿಪ್ಪಿನ ದಪ್ಪವನ್ನು ನೇರವಾಗಿ ಅಳೆಯಬಹುದು. ಇಪ್ಪತ್ತು ಅಂಚುಗಳನ್ನಾದರೂ ಅಳೆದು ಸರಾಸರಿ ತೆಗೆದು, ಮೊದಲು ಕಾಗದದ ಮೇಲೆ ಮಾಡಿದ ಲೆಕ್ಕದ ಪಕ್ಕದಲ್ಲಿಡಿ. 50ರ ಗುರಿಗೆ 40-45 ಬಂದರೆ ಕುಗ್ಗಿದ್ದು ಕಳೆದು ಸರಿಯಾಗಿದೆ. 25 ಬಂದರೆ ಅರ್ಧ ಸಿಲಿಕಾ ಮೇಲಿನ ದ್ರವದಲ್ಲಿ ಹೋಗಿದೆ, ಮುಂದಿನ ಸಲ ಟಿಇಒಎಸ್ ಬಿಡುವ ಹೊತ್ತನ್ನು 8 ಗಂಟೆಗೆ ಎಳೆಯಿರಿ.

ತೊಳೆದ ಎಥನಾಲಿನಲ್ಲಿ ಸ್ಟೈರೀನ್ ಇರುತ್ತದೆ, ಅದನ್ನು ಸಿಂಕಿಗೆ ಸುರಿಯಬೇಡಿ. ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿ ಇದೇ ಎರಡು ಜಿಲ್ಲೆಗಳಲ್ಲಿ ಹರಿದು ಗೊರೂರು ಸೇರುವುದು, ಅದೇ ನೀರು ತೋಟಕ್ಕೂ ಕುಡಿಯಲಿಕ್ಕೂ. ಹೆಸರು ಬರೆದ ಮುಚ್ಚಳದ ಕ್ಯಾನಿನಲ್ಲಿ ತುಂಬಿಟ್ಟು, ಕಾಲೇಜಿನ ರಾಸಾಯನಿಕ ತ್ಯಾಜ್ಯದೊಂದಿಗೆ ಕಳಿಸಿ. ಸಿದ್ಧವಾದ ಟೊಳ್ಳು ಗೋಳಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಗಾಜಿನ ಶೀಶೆಯಲ್ಲಿಡಿ. ಶೀಶೆಯ ಮೇಲೆ ಅಚ್ಚಿನ ವ್ಯಾಸ, ಟಿಇಒಎಸ್ ಪ್ರಮಾಣ, ಬಿಟ್ಟ ಅವಧಿ, ಸುಟ್ಟ ದಿನಾಂಕ ಬರೆದಿರಲಿ.